ಸಂಪಿನ ಮೋಟರ್ ನೀರು ಎತ್ತದಿದ್ದಾಗ ಸ್ವಿಚ್ ಮತ್ತೆ ಮತ್ತೆ ಒತ್ತಬೇಡಿ

ಮಾನ್ಯ ಸಂಪಾದಕರೇ,

ಓವರ್‌ಹೆಡ್ ಟ್ಯಾಂಕ್ ಬರಿದಾಗಿ ನಲ್ಲಿ ನಿಂತುಹೋದ ಬೆಳಿಗ್ಗೆ ಮನೆಯವರು ಮೊದಲು ಮಾಡುವುದು ಮೋಟರ್ ಸ್ವಿಚ್ ಹಾಕುವ ಕೆಲಸ. ನೀರು ಏರದಿದ್ದರೆ ಅದೇ ಸ್ವಿಚ್ಚನ್ನು ಆರಿಸಿ, ಹಾಕಿ, ಮತ್ತೆ ಆರಿಸಿ ಹಾಕುತ್ತಾರೆ. ಮಕ್ಕಳು ಶಾಲೆಗೆ ಹೊರಡುವ ಹೊತ್ತಿನಲ್ಲಿ ಆ ಅವಸರ ಸಹಜವೇ. ಆದರೆ ಮೋಟರಿನ ಕಾಯಿಲ್ ಸುಡುವುದು, ಸೀಲ್ ಒಡೆಯುವುದು ಬಹುಮಟ್ಟಿಗೆ ಈ ಹತ್ತು ನಿಮಿಷದಲ್ಲಿ. ಶುರುವಿನಲ್ಲಿ ಇದ್ದ ದೋಷ ಎಷ್ಟೋ ಸಲ ಸಂಪಿನೊಳಗಿನ ಪೈಪಿನ ತುದಿಯ ಫುಟ್‌ವಾಲ್ವ್‌ಗೆ ಸಿಕ್ಕಿಕೊಂಡ ಒಂದು ಚೂರು ಕಸ ಮಾತ್ರ.

ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬೆಂಗಳೂರಿನ ಬಡಾವಣೆಗಳಲ್ಲಿ ಸಂಪ್ ಇಲ್ಲದ ಸ್ವಂತ ಮನೆ ಅಪರೂಪ. ನಲ್ಲಿ ನೀರು ದಿನವಿಡೀ ಬರದ ಬೇರೆ ಊರುಗಳಲ್ಲೂ ಇದೇ ವ್ಯವಸ್ಥೆ: ನೆಲದಡಿ ಸಂಪು, ಪಕ್ಕದಲ್ಲಿ ಅರ್ಧ ಅಥವಾ ಒಂದು ಎಚ್‌ಪಿ ಮೋಟರ್, ಮೇಲೆ ಟ್ಯಾಂಕು. ಮನೆ ಕಟ್ಟಿಕೊಟ್ಟವರು ಸ್ವಿಚ್ ತೋರಿಸಿ ಹೋಗುತ್ತಾರೆ. ಬಾಡಿಗೆಗೆ ಬಂದವರಿಗೆ ಅಷ್ಟೂ ಯಾರೂ ಹೇಳುವುದಿಲ್ಲ. ಮಳೆಗಾಲದಲ್ಲಿ ಇದೇ ಮೋಟರ್, ಇದೇ ಸಂಪು ಪ್ರಾಣಕ್ಕೂ ಎರವಾಗಬಹುದು. ಆದ್ದರಿಂದ ದೋಷ ಪತ್ತೆ ಮಾಡುವ ಕ್ರಮವನ್ನೂ ಜೀವ ಉಳಿಸುವ ಎಚ್ಚರಿಕೆಯನ್ನೂ ಓದುಗರ ಮುಂದೆ ಇಡಬೇಕೆನಿಸಿ ಈ ದೀರ್ಘ ಪತ್ರ.

ಪಂಪು ನೀರನ್ನು ಎಳೆಯುತ್ತದೆ ಎಂದು ನಾವೆಲ್ಲ ಮಾತಿಗೆ ಹೇಳುತ್ತೇವೆ. ನಿಜಕ್ಕೂ ಪಂಪು ತನ್ನ ಬಾಯಿಯ ಬಳಿ ಒತ್ತಡ ಇಳಿಸುತ್ತದೆ, ಸಂಪಿನ ನೀರಿನ ಮೇಲಿರುವ ಹೊರಗಾಳಿ ನೀರನ್ನು ಪೈಪಿನೊಳಗೆ ಮೇಲಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಗಾಳಿ ಹೀಗೆ ತಳ್ಳಬಲ್ಲ ಗರಿಷ್ಠ ಎತ್ತರ ಸುಮಾರು 10.3 ಮೀಟರ್. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡವೇ ಕಡಿಮೆ, ಹಾಗಾಗಿ ಲೆಕ್ಕ 9 ಮೀಟರ್ ಚಿಲ್ಲರೆಗೆ ಇಳಿಯುತ್ತದೆ. ಪೈಪಿನೊಳಗಿನ ತಡೆಯನ್ನೆಲ್ಲ ಕಳೆದರೆ ಕೈಗೆ ಸಿಗುವುದು 6ರಿಂದ 7 ಮೀಟರ್. ಮನೆಯ ಸಂಪು ಸಾಮಾನ್ಯವಾಗಿ 6ರಿಂದ 8 ಅಡಿ ಆಳ, ಅಂದರೆ ಎರಡು ಎರಡೂವರೆ ಮೀಟರ್. ಆಳದಿಂದ ತೊಂದರೆಯಾಗುವ ಮಾತೇ ಇಲ್ಲ. ತೊಂದರೆ ಆಗುವುದು ಆ ಪೈಪಿನೊಳಗೆ ಗಾಳಿ ನುಸುಳಿದಾಗ. ನೀರು ಸೋರದಷ್ಟು ಕಿರಿದಾದ ಸಂದಿಯಲ್ಲೂ ಗಾಳಿ ಒಳಹೋಗುತ್ತದೆ. ಗಾಳಿ ಹೊಕ್ಕ ಪಂಪು ಬರಿದೇ ತಿರುಗುತ್ತದೆ.

ಇದನ್ನು ತಡೆಯಲೆಂದೇ ಸಂಪಿನೊಳಗಿನ ಪೈಪಿನ ತುದಿಗೆ ಫುಟ್‌ವಾಲ್ವ್ ಇರುವುದು. ನೀರು ಮೇಲೆ ಹೋಗಲು ಬಿಟ್ಟು, ಮೋಟರ್ ನಿಂತಾಗ ಕೆಳಗೆ ಜಾರದಂತೆ ಹಿಡಿಯುವುದು ಅದರ ಕೆಲಸ. ಅದು ಸರಿಯಾಗಿ ಹಿಡಿದರೆ ಪೈಪು, ಪಂಪು ಸದಾ ನೀರಿನಿಂದ ತುಂಬಿರುತ್ತವೆ, ಮರುದಿನ ಸ್ವಿಚ್ ಹಾಕಿದ ಕ್ಷಣದಲ್ಲೇ ನೀರು ಏರುತ್ತದೆ. ಹಿಡಿಯದಿದ್ದರೆ ರಾತ್ರಿಯಿಡೀ ನೀರು ಸಂಪಿಗೆ ಇಳಿದು, ಬೆಳಿಗ್ಗೆ ಪಂಪಿನೊಳಗೆ ಗಾಳಿ ಮಾತ್ರ ಇರುತ್ತದೆ. ‘ಏರ್ ಹಿಡಿದಿದೆ’ ಎನ್ನುವುದು ಇದಕ್ಕೇ. ಪಂಪಿಗೆ ನೀರು ತುಂಬಿ ಗಾಳಿ ಹೊರಡಿಸುವುದೇ ಪ್ರೈಮಿಂಗ್. ಸೆಲ್ಫ್ ಪ್ರೈಮಿಂಗ್ ಎಂದು ಬರೆದ ಪಂಪಿಗೆ ಫುಟ್‌ವಾಲ್ವ್ ಬೇಡವೆಂದು ಅನೇಕರು ತಿಳಿದಿದ್ದಾರೆ. ಆ ಪಂಪಿನ ಹೊಟ್ಟೆಯಲ್ಲೂ ನೀರಿದ್ದರೆ ಮಾತ್ರ ಅದು ಪೈಪಿನ ಗಾಳಿಯನ್ನು ಹೊರದಬ್ಬಬಲ್ಲದು.

ಮೋಟರ್ ಓಡುತ್ತಿದೆ, ನೀರು ಬರುತ್ತಿಲ್ಲ ಎಂದಾದರೆ ಹೀಗೆ ಮಾಡಿ. ಸ್ವಿಚ್ ಆರಿಸಿ, ಪ್ಲಗ್ ಕಿತ್ತಿಡಿ. ಸಂಪಿನ ಮುಚ್ಚಳ ತೆರೆದು ಟಾರ್ಚ್ ಬಿಟ್ಟು ನೋಡಿ. ಫುಟ್‌ವಾಲ್ವ್ ಮೇಲೆ ಕನಿಷ್ಠ ಒಂದು ಅಡಿ ನೀರು ನಿಂತಿರಬೇಕು. ಕಡಿಮೆಯಾದರೆ ನೀರು ಸುಳಿ ಸುತ್ತಿ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ನೀರು ಸಾಕಷ್ಟಿದ್ದರೆ ಪಂಪಿನ ಕಡೆ ಬನ್ನಿ. ಮೋಟರ್ ಬರಿದೇ ಓಡಿ ಬಿಸಿಯಾಗಿದ್ದರೆ ಅರ್ಧ ಗಂಟೆ ಆರಲು ಬಿಡಿ. ಪಂಪಿನೊಳಗಿನ ಮೆಕ್ಯಾನಿಕಲ್ ಸೀಲ್ ಎಂಬ ಭಾಗದಲ್ಲಿ ಕಾರ್ಬನ್ ಮತ್ತು ಸೆರಾಮಿಕ್ ಬಿಲ್ಲೆಗಳು ಒಂದಕ್ಕೊಂದು ಉಜ್ಜುತ್ತ ತಿರುಗುತ್ತವೆ, ಅವುಗಳ ನಡುವೆ ನೀರಿನ ತೆಳು ಪದರವೇ ಎಣ್ಣೆಯಂತೆ ಇರುತ್ತದೆ. ನೀರಿಲ್ಲದೆ ಓಡಿದರೆ ನಿಮಿಷಗಳಲ್ಲೇ ಅವು ಕಾಯುತ್ತವೆ. ಕಾದ ಸೆರಾಮಿಕ್ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಅವಸರದಲ್ಲಿ ಒಂದು ಮಗ್ ನೀರು ಹೊಯ್ದು ಸೀಲ್ ಕಳೆದುಕೊಂಡ ಮನೆಗಳು ಕಡಿಮೆಯಿಲ್ಲ.

ಪಂಪು ಆರಿದ ಮೇಲೆ ತಲೆಯ ಮೇಲಿನ ಪ್ರೈಮಿಂಗ್ ಪ್ಲಗ್ಗನ್ನು ಸ್ಪ್ಯಾನರ್‌ನಿಂದ ಬಿಚ್ಚಿ ಮಗ್‌ನಲ್ಲಿ ನೀರು ನಿಧಾನವಾಗಿ ಸುರಿಯಿರಿ. ಗುಳ್ಳೆಗಳು ಗುಳುಗುಳು ಎನ್ನುತ್ತ ಮೇಲೆ ಬರುತ್ತವೆ. ಅವು ನಿಲ್ಲುವವರೆಗೆ ಸುರಿಯುತ್ತಿರಿ. ಇಲ್ಲಿ ಒಂದು ಲೆಕ್ಕ ನೆನಪಿರಲಿ. ಒಂದು ಇಂಚಿನ ಪೈಪು ಹತ್ತು ಅಡಿ ಉದ್ದವಿದ್ದರೆ ಅದರೊಳಗೆ ಹಿಡಿಸುವುದು ಒಂದೂವರೆ ಲೀಟರ್ ಚಿಲ್ಲರೆ, ಪಂಪಿನ ಹೊಟ್ಟೆಗೆ ಇನ್ನು ಅರ್ಧ ಒಂದು ಲೀಟರ್. ಮೂರು ಲೀಟರ್ ಸುರಿದ ಮೇಲೂ ತುಂಬಲಿಲ್ಲವೆಂದರೆ ಅದು ತೂತು ಕೊಡ, ಎಷ್ಟು ಸುರಿದರೂ ಸಂಪಿಗೇ ಹೋಗುತ್ತದೆ. ತುಂಬಿದರೆ ಪ್ರೈಮಿಂಗ್ ಪ್ಲಗ್ ಹಾಕದೆ ಐದು ನಿಮಿಷ ಹಾಗೇ ಬಿಟ್ಟು, ಬಾಯಿಯವರೆಗೆ ಬಂದ ನೀರು ಅಲ್ಲೇ ನಿಂತಿದೆಯೇ ನೋಡಿ. ನಿಂತಿದ್ದರೆ ಫುಟ್‌ವಾಲ್ವ್ ಚೆನ್ನಾಗಿದೆ. ಇಳಿಯುತ್ತಿದ್ದರೆ ಸಂಪಿನಿಂದ ಪಂಪಿನವರೆಗಿನ ಪೈಪಿನ ಪ್ರತಿ ಜಾಯಿಂಟನ್ನೂ ಒಣಬಟ್ಟೆಯಿಂದ ಒರೆಸಿ ಬೆರಳಾಡಿಸಿ. ಎಲ್ಲಾದರೂ ಪಸೆ ಕಂಡರೆ ಗಾಳಿ ಎಳೆಯುವ ಜಾಗ ಅದೇ. ಎಲ್ಲ ಕಡೆ ಒಣಗಿದ್ದೂ ನೀರು ಇಳಿಯುತ್ತಿದ್ದರೆ ಫುಟ್‌ವಾಲ್ವ್ ಸೋರುತ್ತಿದೆ. ಸ್ಪ್ಯಾನರ್ ಬಿಟ್ಟರೆ ಬೇರೆ ಯಾವ ಉಪಕರಣವೂ ಬೇಡದ ಈ ಪರೀಕ್ಷೆಯನ್ನು ಮೆಕ್ಯಾನಿಕ್ಕನ್ನು ಕರೆಯುವ ಮೊದಲು ಯಾರು ಬೇಕಾದರೂ ಮಾಡಬಹುದು.

ಫುಟ್‌ವಾಲ್ವ್ ತೆಗೆಯಲು ಸಂಪಿಗೆ ಇಳಿಯಬೇಕಾಗಿಲ್ಲ. ಪಂಪಿನ ಬಳಿ ಇರುವ ಯೂನಿಯನ್, ಅಂದರೆ ಪೈಪು ಕೊಯ್ಯದೆ ಬಿಚ್ಚಿ ಹಾಕಬಹುದಾದ ಜಾಯಿಂಟ್, ಬಿಚ್ಚಿದರೆ ಪೈಪು ಫುಟ್‌ವಾಲ್ವ್ ಸಮೇತ ಮುಚ್ಚಳದ ಬಾಯಿಯಿಂದ ಮೇಲೆ ಬರುತ್ತದೆ. ಯೂನಿಯನ್ ಇಲ್ಲದೆ ಪೈಪನ್ನು ಅಂಟಿಸಿಬಿಟ್ಟಿದ್ದರೆ ಮುಂದಿನ ರಿಪೇರಿಯಲ್ಲಿ ಒಂದು ಯೂನಿಯನ್ ಹಾಕಿಸಿಕೊಳ್ಳಿ. ಹೊರತೆಗೆದ ವಾಲ್ವ್‌ನ ಜಾಲರಿ ಬಿಚ್ಚಿ ನೋಡಿದರೆ ಒಳಗೆ ರಬ್ಬರ್ ಅಂಟಿಸಿದ ಬಿಲ್ಲೆ ಕಾಣುತ್ತದೆ. ಅದು ಕೂರುವ ಹಿತ್ತಾಳೆಯ ಅಂಚಿನ ಮೇಲೆ ಮರಳಿನ ಒಂದು ಕಾಳು, ಥ್ರೆಡ್ ಟೇಪಿನ ಎಳೆ, ಪಿವಿಸಿ ಪೈಪು ಕೊಯ್ದಾಗ ಬಿದ್ದ ಸುರುಳಿ ಚೂರು, ಇಲ್ಲವೇ ಲೋಳೆಯಂಥ ಪಾಚಿ ಸಿಕ್ಕಿಕೊಂಡಿರುತ್ತದೆ. ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ರಬ್ಬರಿನ ಮೇಲೆ ಅಂಚಿನ ಗುರುತು ಗುಂಡಗೆ ಆಳವಾಗಿ ಮೂಡಿದ್ದರೆ, ಉಗುರಿನಿಂದ ಒತ್ತಿದರೆ ಗಟ್ಟಿಯಾಗಿದ್ದರೆ ವಾಲ್ವ್ ಬದಲಿಸಿ. ಹಾಕುವ ಮುನ್ನ ಪೈಪನ್ನು ನೆಟ್ಟಗೆ ಹಿಡಿದು ಒಳಗೆ ನೀರು ತುಂಬಿಸಿ ಐದು ನಿಮಿಷ ಕಾಯಿರಿ, ಹನಿ ಬೀಳಬಾರದು. ಮರಳಿ ಇಳಿಸುವಾಗ ಜಾಲರಿ ಸಂಪಿನ ತಳದಿಂದ ಅರ್ಧ ಅಡಿಯಾದರೂ ಮೇಲಿರಲಿ. ತಳ ಮುಟ್ಟಿಸಿದರೆ ಕೆಸರೇ ಮೊದಲು ಒಳಹೋಗುತ್ತದೆ.

ಫುಟ್‌ವಾಲ್ವ್ ಹಿಡಿದಿದ್ದೂ ನೀರು ಏರದಿದ್ದರೆ ಗಾಳಿ ಬೇರೆ ಕಡೆಯಿಂದ ಬರುತ್ತಿದೆ. ಬಿಸಿಲಿಗೆ ಒಣಗಿ ಸೀಳಿದ ಯೂನಿಯನ್ ವಾಷರ್, ಟೇಪು ಸಡಿಲವಾದ ಥ್ರೆಡ್, ಪ್ರೈಮಿಂಗ್ ಪ್ಲಗ್ಗಿನ ಕಳೆದುಹೋದ ವಾಷರ್, ಈ ಮೂರನ್ನು ಮೊದಲು ನೋಡಿ. ಪೈಪು ಸಂಪಿನಿಂದ ಪಂಪಿನ ಕಡೆಗೆ ಏರುತ್ತಲೇ ಹೋಗಬೇಕು. ನಡುವೆ ಉಬ್ಬು ಇದ್ದರೆ ಅಲ್ಲಿ ಗಾಳಿ ಕೂತುಬಿಡುತ್ತದೆ. ಪಂಪಿನ ಬಾಯಿ ಒಂದು ಇಂಚಿದ್ದು ಪೈಪನ್ನು ಮುಕ್ಕಾಲು ಇಂಚಿಗೆ ಇಳಿಸಿದ್ದರೆ ಅದೂ ತಪ್ಪು.

ಮೇಲಿನ ಕಡೆಯೂ ಗಮನವಿರಲಿ. ಟ್ಯಾಂಕಿಗೆ ಹೋಗುವ ಪೈಪಿನ ಗೇಟ್‌ವಾಲ್ವ್ ಮುಚ್ಚಿದೆಯೇ? ಆ ಪೈಪಿನಲ್ಲಿ ನೀರು ಹಿಂದಕ್ಕೆ ಬಾರದಂತೆ ತಡೆಯುವ ನಾನ್‌ರಿಟರ್ನ್ ವಾಲ್ವ್ ಇದ್ದರೆ ಅದರ ಮೇಲೆ ಮೂರು ಮಹಡಿಯ ನೀರು ಕೂತಿರುತ್ತದೆ. ಪಂಪಿನೊಳಗಿನ ಗಾಳಿಗೆ ಆ ನೀರನ್ನು ದೂಡುವ ಬಲವಿಲ್ಲ. ಅದಕ್ಕೇ ಪಂಪಿಗೂ ನಾನ್‌ರಿಟರ್ನ್ ವಾಲ್ವ್‌ಗೂ ನಡುವೆ ಒಂದು ಸಣ್ಣ ನಲ್ಲಿ ಹಾಕಿಸಿರಬೇಕು. ನಲ್ಲಿ ತೆರೆದು ಮೋಟರ್ ಹಾಕಿದರೆ ಉಸ್ಸೆಂದು ಗಾಳಿ ಹೊರಬಂದು ಹಿಂದೆಯೇ ನೀರು ಚಿಮ್ಮುತ್ತದೆ. ಆಗ ನಲ್ಲಿ ಮುಚ್ಚಿದರಾಯಿತು. ಇನ್ನೊಂದು ವಿಷಯ ಬೇಗ ಹೊಳೆಯುವುದಿಲ್ಲ. ಕಾಯಿಲ್ ಹೊಸದಾಗಿ ಕಟ್ಟಿಸಿದ ಮೇಲೆ ಮೋಟರ್ ಓಡುತ್ತದೆ, ನೀರು ಮಾತ್ರ ಬರುವುದಿಲ್ಲ ಅಥವಾ ಸಣ್ಣಗೆ ಬರುತ್ತದೆ ಎಂದಾದರೆ ವೈರು ಅದಲುಬದಲಾಗಿ ಮೋಟರ್ ಹಿಮ್ಮುಖವಾಗಿ ತಿರುಗುತ್ತಿರಬಹುದು. ಪಂಪಿನ ಮೈಮೇಲೆ ಎರಕದಲ್ಲೇ ಬಾಣದ ಗುರುತು ಇರುತ್ತದೆ, ಹಿಂಬದಿಯ ಫ್ಯಾನ್ ಯಾವ ಕಡೆ ತಿರುಗುತ್ತದೆಂದು ಅದಕ್ಕೆ ಹೋಲಿಸಿ ನೋಡಿ.

ಈಗ ಎರಡನೆಯ ಬಗೆಯ ತೊಂದರೆ: ಸ್ವಿಚ್ ಹಾಕಿದೊಡನೆ ‘ಗುಂಯ್’ ಎಂಬ ಸದ್ದು, ಮೋಟರ್ ತಿರುಗುವುದೇ ಇಲ್ಲ. ಆ ಸದ್ದು ಕೇಳಿದ ಎರಡು ಮೂರು ಸೆಕೆಂಡಿನಲ್ಲಿ ಆರಿಸಿಬಿಡಿ. ತಿರುಗದೆ ನಿಂತ ಮೋಟರ್ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ತಣಿಸುವ ಫ್ಯಾನ್ ಕೂಡ ನಿಂತಿರುತ್ತದೆ. ಕಾಯಿಲ್ ತಂತಿಯ ಮೇಲಿನ ವಾರ್ನಿಷ್ ಸುಡುವ ವಾಸನೆ ಬರುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಈ ಸದ್ದಿಗೆ ಸಾಮಾನ್ಯ ಕಾರಣ ಎರಡು. ಒಂದು, ಪಂಪು ಜಾಮ್ ಆಗಿರುವುದು. ಮನೆಗಳಲ್ಲಿ ಬಳಸುವ ಅರ್ಧ ಎಚ್‌ಪಿ ಪಂಪಿನಲ್ಲಿ ನೀರು ತಳ್ಳುವ ಹಿತ್ತಾಳೆಯ ಚಕ್ರಕ್ಕೂ, ಅಂದರೆ ಇಂಪೆಲ್ಲರ್‌ಗೂ, ಬೀಡುಕಬ್ಬಿಣದ ಗೋಡೆಗೂ ನಡುವೆ ಕೂದಲೆಳೆಯಷ್ಟು ಅಂತರ. ಬೋರ್‌ವೆಲ್ ಅಥವಾ ಟ್ಯಾಂಕರ್‌ನ ಗಡಸು ನೀರು ತುಂಬಿ, ಮನೆಯವರು ಊರಿಗೆ ಹೋಗಿ ಹದಿನೈದು ದಿನ ಮೋಟರ್ ನಿಂತರೆ ಆ ಸಂದಿಯಲ್ಲಿ ತುಕ್ಕು, ಸುಣ್ಣದ ಪೊರೆ ಕಟ್ಟಿ ಹಿಡಿದುಕೊಳ್ಳುತ್ತದೆ. ಮೋಟರಿನ ಹಿಂಬದಿಯ ಫ್ಯಾನ್ ಕವರಿನ ನಡುವೆ ಶಾಫ್ಟಿನ ತುದಿ ಕಾಣುತ್ತದೆ, ಅನೇಕ ಮೋಟರ್‌ಗಳಲ್ಲಿ ಅದರ ಮೇಲೆ ಸ್ಕ್ರೂಡ್ರೈವರ್ ಕೂರುವ ಗೀರು ಇರುತ್ತದೆ. ಪ್ಲಗ್ ಕಿತ್ತಿಟ್ಟ ಮೇಲೆ ಬಾಣದ ದಿಕ್ಕಿಗೆ ಅದನ್ನು ತಿರುಗಿಸಿ. ಮೊದಲ ಅರ್ಧ ಸುತ್ತು ಗಟ್ಟಿಯಾಗಿದ್ದು ಆಮೇಲೆ ಸಲೀಸಾದರೆ ಜಾಮ್ ಬಿಟ್ಟಿತು. ಪ್ಲಗ್ ಹಾಕಿಯೇ ಸ್ಕ್ರೂಡ್ರೈವರ್ ತೂರಿಸುವವರಿದ್ದಾರೆ, ದಯವಿಟ್ಟು ಬೇಡ. ಮೋಟರ್ ಹಠಾತ್ತನೆ ತಿರುಗಿದರೆ ಬೆರಳು ಉಳಿಯದು.

ಶಾಫ್ಟ್ ಕೈಯಲ್ಲಿ ಸಲೀಸಾಗಿ ತಿರುಗಿಯೂ ಮೋಟರ್ ಗುಂಯ್‌ಗುಟ್ಟಿದರೆ ಅನುಮಾನ ಕೆಪಾಸಿಟರ್ ಮೇಲೆ, ಹಳಬರು ಕಂಡೆನ್ಸರ್ ಎನ್ನುವುದು ಇದನ್ನೇ. ಸಿಂಗಲ್ ಫೇಸ್ ಮೋಟರ್ ತಾನಾಗಿ ಹೊರಡಲಾರದು, ಮೊದಲ ತಳ್ಳು ಕೊಡುವುದು ಕೆಪಾಸಿಟರ್. ಅರ್ಧ ಎಚ್‌ಪಿಗೆ ಸಾಮಾನ್ಯವಾಗಿ 10 ಎಂಎಫ್‌ಡಿ (ಮೈಕ್ರೋಫ್ಯಾರಡ್), ಒಂದು ಎಚ್‌ಪಿಗೆ 20ರ ಆಸುಪಾಸು, 440 ವೋಲ್ಟ್‌ನದು ಇರುತ್ತದೆ. ನಿಮ್ಮ ಮೋಟರಿನ ತಗಡಿನ ಮೇಲೆ ಏನು ಬರೆದಿದೆಯೋ ಅದೇ ಅಂತಿಮ. ಅಳೆದಾಗ ಬರೆದದ್ದಕ್ಕಿಂತ ಶೇ 10ಕ್ಕೂ ಹೆಚ್ಚು ಕಡಿಮೆ ಬಂದರೆ, ಉಬ್ಬಿದ್ದರೆ, ಮೇಣ ಸೋರಿದ್ದರೆ ಬದಲಿಸಿ. ‘ಸ್ವಲ್ಪ ಪವರ್ ಹೆಚ್ಚಲಿ’ ಎಂದು ದೊಡ್ಡದು ಹಾಕಿಸಬೇಡಿ, ಕಾಯಿಲ್ ಕಾಯುತ್ತದೆ. ಕರೆಂಟ್ ಆರಿಸಿದ ಮೇಲೂ ಕೆಪಾಸಿಟರ್ ಒಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಅದರ ಎರಡು ತುದಿಗೂ ಹಳೇ ತಂತಿ ಬಲ್ಬಿನ ಹೋಲ್ಡರ್ ವೈರುಗಳನ್ನು ತಾಕಿಸಿ ಖಾಲಿ ಮಾಡಿದ ನಂತರವೇ ಕೈ ಹಾಕಬೇಕು. ಅದು ಗೊತ್ತಿಲ್ಲದವರು ಡಬ್ಬಿ ತೆರೆಯುವುದೇ ಬೇಡ, ಎಲೆಕ್ಟ್ರಿಷಿಯನ್ ಕರೆಯಿರಿ.

ಸಂಜೆ ಹೊತ್ತು ಮಾತ್ರ ಮೋಟರ್ ಹೊರಡಲು ತಿಣುಕುತ್ತದೆ ಎಂದಾದರೆ ವೋಲ್ಟೇಜ್ ಅಳೆಸಿ. ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: 230 ವೋಲ್ಟ್ ಬದಲು 180 ಬಂದರೆ ಬಲ ಶೇ 60ರಷ್ಟು ಮಾತ್ರ ಉಳಿಯುತ್ತದೆ. ಅದಕ್ಕೆ ಮದ್ದು ಬೆಳಿಗ್ಗೆ ನೀರು ಏರಿಸುವುದು, ಮತ್ತು ಬೆಸ್ಕಾಂನ 1912ಕ್ಕೆ ದೂರು ಕೊಡುವುದು.

ಪಂಪಿಗೂ ಮೋಟರಿಗೂ ನಡುವಿನ ಸಂದಿನಿಂದ ಹನಿ ತೊಟ್ಟಿಕ್ಕುತ್ತಿದ್ದರೆ ಸೀಲ್ ಹೋಗಿದೆ. ಅದನ್ನು ತಿಂಗಳುಗಟ್ಟಲೆ ಬಿಟ್ಟರೆ ನೀರು ಬೇರಿಂಗಿಗೆ ಇಳಿದು ಕರಕರ ಸದ್ದು ಶುರುವಾಗುತ್ತದೆ, ಆಮೇಲೆ ಕಾಯಿಲ್ ಸರದಿ. ಸೀಲ್ ಬದಲಿಸಲು ಪಂಪು ಬಿಚ್ಚಿದಾಗಲೇ ಬೇರಿಂಗನ್ನೂ ಕೈಯಲ್ಲಿ ತಿರುಗಿಸಿ ನೋಡಿಸಿ. ಮೋಟರ್ ಸೊರಗುತ್ತಿದೆಯೇ ಎಂದು ಮೊದಲೇ ತಿಳಿಯಲು ಗಡಿಯಾರವೊಂದೇ ಸಾಕು. ಪಂಪು ಹೊಸದಿದ್ದಾಗ 1000 ಲೀಟರಿನ ಟ್ಯಾಂಕು ಖಾಲಿಯಿಂದ ತುಂಬಲು ಎಷ್ಟು ನಿಮಿಷ ಹಿಡಿಯಿತೆಂದು ಮೋಟರಿನ ಪಕ್ಕದ ಗೋಡೆಯ ಮೇಲೆ ತಾರೀಖಿನ ಸಮೇತ ಬರೆದಿಡಿ. 40 ನಿಮಿಷ ಇದ್ದದ್ದು ಒಂದು ಗಂಟೆಯಾದರೆ ಇಂಪೆಲ್ಲರ್ ಸವೆದಿದೆ, ಇಲ್ಲವೇ ಎಲ್ಲೋ ಕಟ್ಟಿಕೊಂಡಿದೆ ಎಂದರ್ಥ.

ಕೆಲವರು ಈಚೆಗೆ ಸಂಪಿನೊಳಗೇ ಮುಳುಗಿರುವ ಓಪನ್‌ವೆಲ್ ಸಬ್‌ಮರ್ಸಿಬಲ್ ಹಾಕಿಸುತ್ತಿದ್ದಾರೆ. ಪ್ರೈಮಿಂಗ್ ಗೋಳಿಲ್ಲ, ಸದ್ದಿಲ್ಲ, ಒಳ್ಳೆಯದೇ. ಆದರೆ ಸುತ್ತಲಿನ ನೀರೇ ಅದನ್ನು ತಣಿಸುವುದು, ನೀರು ಮೋಟರಿಗಿಂತ ಕೆಳಗಿಳಿಯಬಾರದು. ನೀರು ತುಂಬುವ ಬಗೆಯ ಮೋಟರ್ ಆದರೆ ಇಳಿಸುವ ಮುನ್ನ ಒಳಗೆ ಶುದ್ಧ ನೀರು ತುಂಬಿಸಬೇಕು. ಕೇಬಲ್ ಹಿಡಿದು ಎತ್ತಲೇಬಾರದು, ನೈಲಾನ್ ಹಗ್ಗ ಕಟ್ಟಿರಬೇಕು. ನೀರಿನೊಳಗೆ ಕೇಬಲ್ ಜಾಯಿಂಟ್ ಇರಕೂಡದು. ಅದು ನೀರಿನಲ್ಲಿರುವ ವಿದ್ಯುತ್ ಉಪಕರಣ, ಹಾಗಾಗಿ ಮುಂದೆ ಹೇಳುವ ಎಚ್ಚರಿಕೆ ಇದಕ್ಕೆ ಇಮ್ಮಡಿ.

ಮೋಟರ್ ಮುಟ್ಟಿದರೆ, ಒದ್ದೆ ಕೈಯಲ್ಲಿ ನಲ್ಲಿ ಹಿಡಿದರೆ ‘ಜುಂ’ ಎನ್ನುತ್ತದೆ ಎಂಬುದನ್ನು ಹಲವು ಮನೆಗಳಲ್ಲಿ ಸಣ್ಣ ಮಾತಾಗಿ ಹೇಳುತ್ತಾರೆ, ಚಪ್ಪಲಿ ಹಾಕಿಕೊಂಡು ಮೋಟರ್ ಹಾಕುವ ಅಭ್ಯಾಸ ಮಾಡಿಕೊಳ್ಳುತ್ತಾರೆ. ಅಂದೇ ಮೋಟರ್ ನಿಲ್ಲಿಸಬೇಕು. ಕರೆಂಟು ಲೋಹದ ಮೈಗೆ ಸೋರುತ್ತಿದೆ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತವರ ಮೂಲಕ ಅದು ಭೂಮಿಗೆ ಇಳಿಯುತ್ತದೆ. ‘ಎಂಸಿಬಿ ಇದೆಯಲ್ಲ’ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಅದು ಕರೆಂಟು ಮಿತಿ ಮೀರಿದಾಗ ಮಾತ್ರ ತಾನಾಗಿ ಬೀಳುವ ಸ್ವಿಚ್. ಲೆಕ್ಕ ನೋಡಿ: ಮನೆಯ ಅರ್ಥಿಂಗ್ ಗುಂಡಿಯ ತಡೆ 20 ಓಮ್ ಇದ್ದರೆ, ಫೇಸ್ ವೈರು ನೇರವಾಗಿ ಮೋಟರಿನ ಮೈಗೆ ತಗುಲಿದರೂ ಹರಿಯುವುದು 230ನ್ನು 20ರಿಂದ ಭಾಗಿಸಿದಷ್ಟು, ಅಂದರೆ ಹನ್ನೊಂದೂವರೆ ಆಂಪ್. 16 ಆಂಪಿನ ಎಂಸಿಬಿ ಬೀಳುವುದಿಲ್ಲ, ಮೋಟರ್ ಮೈಯಲ್ಲಿ ಕರೆಂಟು ಹಾಗೇ ಇರುತ್ತದೆ. ಎದೆಯ ಮೂಲಕ ಹರಿದರೆ ಮನುಷ್ಯನ ಪ್ರಾಣ ತೆಗೆಯಲು ಒಂದು ಆಂಪಿನ ಹತ್ತರಲ್ಲೊಂದು ಪಾಲೂ ಬೇಡ.

ಪ್ರಾಣ ಉಳಿಸುವುದು 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟಿನ ಸೋರಿಕೆ ಹಿಡಿಯುವ ಸ್ವಿಚ್. ಹೋದ ಕರೆಂಟಿಗಿಂತ ಮರಳಿ ಬಂದ ಕರೆಂಟು ಅಷ್ಟು ಸಣ್ಣ ಅಂತರದಷ್ಟು ಕಡಿಮೆಯಾದರೂ ಅದು ಕ್ಷಣದಲ್ಲಿ ಕಡಿದುಹಾಕುತ್ತದೆ. ಮನೆಗೆಲ್ಲ ಹಾಕಿಸಲು ಆಗದಿದ್ದರೆ ಮೋಟರಿನ ಲೈನಿಗೊಂದನ್ನಾದರೂ ಹಾಕಿಸಿ. ಅದರ ಮೇಲಿನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಒತ್ತಿದಾಗ ಬೀಳದ ಆರ್‌ಸಿಸಿಬಿ ಇದ್ದೂ ಇಲ್ಲದಂತೆ. ಅದು ಪದೇಪದೇ ಬೀಳುತ್ತದೆಂದು ಬೈಪಾಸ್ ಮಾಡಿಸಿಕೊಳ್ಳುವುದು ಮಾತ್ರ ಎಂದಿಗೂ ಬೇಡ, ಅದು ಬೀಳುತ್ತಿರುವುದು ಸೋರಿಕೆಯನ್ನು ತೋರಿಸಲೆಂದೇ. ಜೊತೆಗೆ 2.5 ಚದರ ಮಿ.ಮೀ. ತಾಮ್ರದ ವೈರು, 16 ಆಂಪಿನ ಮೂರು ಪಿನ್ ಪ್ಲಗ್, ಒಂದು ಎಚ್‌ಪಿವರೆಗಿನ ಮೋಟರಿಗೆ ಸಿ ಮಾದರಿಯ 10 ಆಂಪ್ ಎಂಸಿಬಿ, ಫೇಸ್ ನ್ಯೂಟ್ರಲ್ ಎರಡನ್ನೂ ಕಡಿಯುವ ಸ್ವಿಚ್ ಇರಲಿ. ಅರ್ಥ್ ವೈರನ್ನು ನೀರಿನ ಪೈಪಿಗೆ ಸುತ್ತಿ ಕೈತೊಳೆದುಕೊಳ್ಳುವ ರೂಢಿ ಇನ್ನೂ ಇದೆ. ಪೈಪು ಪಿವಿಸಿಯಾದರೆ ಅದು ಎಲ್ಲಿಗೂ ತಲುಪುವುದಿಲ್ಲ, ಕಬ್ಬಿಣದ್ದಾದರೆ ಮನೆಯ ಎಲ್ಲ ನಲ್ಲಿಗೂ ಕರೆಂಟು ಹರಿಸುತ್ತದೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ವಾರಕ್ಕೆರಡು ಕೊಡ ನೀರು ಹಾಕಿ.

ಮೋಟರನ್ನು ನೆಲಕ್ಕೆ ತಾಕಿಸಿ ಕೂರಿಸಬಾರದು, ಕನಿಷ್ಠ ಅರ್ಧ ಅಡಿ ಎತ್ತರದ ಕಟ್ಟೆ ಬೇಕು. ಮಳೆಗೆ ನೆನೆಯದಿರಲೆಂದು ಪ್ಲಾಸ್ಟಿಕ್ ಹಾಳೆ, ಗೋಣಿಚೀಲ ಸುತ್ತಿದರೆ ಬಿಸಿ ಹೊರಹೋಗದೆ ಒಳಗೇ ಬೆವರುತ್ತದೆ. ಮೇಲೊಂದು ತಗಡಿನ ಮಾಡು ಸಾಕು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳು ಜಲಾವೃತವಾದಾಗ ಆದಂತೆ ಮೋಟರ್ ಮುಳುಗಿಬಿಟ್ಟರೆ, ನೀರು ಇಳಿದ ಮೇಲೆ ‘ನೋಡೋಣ’ ಎಂದು ಸ್ವಿಚ್ ಹಾಕಬೇಡಿ. ಬಿಚ್ಚಿ, ಒಣಗಿಸಿ, ಕರೆಂಟು ಸೋರಿಕೆಗೆ ಇರುವ ತಡೆಯನ್ನು ಅಳೆಯುವ 500 ವೋಲ್ಟಿನ ಮೆಗ್ಗರ್‌ನಲ್ಲಿ ಕಾಯಿಲ್‌ಗೂ ಮೈಗೂ ನಡುವೆ ಕನಿಷ್ಠ 1 ಮೆಗಾಓಮ್ ತೋರಿದ ಮೇಲೆಯೇ ಕರೆಂಟ್ ಕೊಡಬೇಕು. ಅಂಥ ಸಂಪಿಗೆ ಚರಂಡಿ ನೀರೂ ಸೇರಿರುತ್ತದೆ. ಪೂರ್ತಿ ಖಾಲಿ ಮಾಡಿಸಿ, ಉಜ್ಜಿಸಿ, ಹೊಸ ನೀರಿಗೆ 1000 ಲೀಟರಿಗೆ 5 ಗ್ರಾಂನಂತೆ ಬ್ಲೀಚಿಂಗ್ ಪೌಡರ್ ಕದಡಿ, ತಿಳಿಯನ್ನು ಸೇರಿಸಿ ಒಂದು ಗಂಟೆ ಬಿಟ್ಟು ಬಳಸಿ. ಕುಡಿಯುವ ನೀರನ್ನು ಆ ಮೇಲೂ ಕುದಿಸಿ. ಸಂಪಿನ ಬಾಯಿಯ ಸುತ್ತ ಅರ್ಧ ಅಡಿ ಕಟ್ಟೆ ಎಬ್ಬಿಸಿದ್ದರೆ ಸಾಮಾನ್ಯ ಮಳೆನೀರು ಒಳನುಗ್ಗುವುದಿಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಸಂಪು ಖಾಲಿ ಕಂಡರೂ ಅದರೊಳಗಿನ ಗಾಳಿ ಉಸಿರಾಡಲು ಯೋಗ್ಯವೆಂದು ತಿಳಿಯಬೇಡಿ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ 20.9, ಶೇ 19.5ಕ್ಕಿಂತ ಇಳಿದರೆ ಅಪಾಯದ ಲೆಕ್ಕ, ಶೇ 10ಕ್ಕೆ ಇಳಿದ ಕಡೆ ಮನುಷ್ಯ ಕೂಗಲೂ ಆಗದೆ ಕುಸಿಯುತ್ತಾನೆ. ಹೊಸದಾಗಿ ಕಟ್ಟಿದ ಸಂಪಿನಲ್ಲಿ ಕಾಂಕ್ರೀಟಿಗೆ ಆಸರೆಯಾಗಿ ಕೊಟ್ಟ ಸೆಂಟ್ರಿಂಗ್ ಹಲಗೆ ಬಿಚ್ಚಲು ಇಳಿದ ಕಾರ್ಮಿಕರು ಸತ್ತ ಸುದ್ದಿಯನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ವಾರಗಟ್ಟಲೆ ಮುಚ್ಚಿದ ಜಾಗದಲ್ಲಿ ಒದ್ದೆ ಮರ ಕೊಳೆಯುತ್ತ ಆಮ್ಲಜನಕವನ್ನು ತಿಂದುಹಾಕಿರುತ್ತದೆ, ವಾಸನೆಯೂ ಇರುವುದಿಲ್ಲ. ಚರಂಡಿ ನೀರು ಸೇರಿದ ಸಂಪಿನ ಕೊಳೆತ ಮೊಟ್ಟೆ ವಾಸನೆಯ ಅನಿಲವಂತೂ ಹೆಚ್ಚಾದಾಗ ಮೂಗನ್ನೇ ಮರಗಟ್ಟಿಸುತ್ತದೆ, ವಾಸನೆ ಹೋಯಿತೆಂದು ಅಪಾಯ ಕಳೆಯಿತೆಂದಲ್ಲ. ಮೊಂಬತ್ತಿ ಇಳಿಬಿಟ್ಟು ನೋಡುವ ಪರೀಕ್ಷೆಯನ್ನೂ ನಂಬಬೇಡಿ; ಬತ್ತಿ ಉರಿಯುವ ಗಾಳಿಯಲ್ಲೂ ವಿಷಾನಿಲ ಇರಬಹುದು.

ಸಾಧ್ಯವಾದಷ್ಟೂ ಇಳಿಯದೆ, ಉದ್ದ ಕೋಲಿನ ಬ್ರಷ್ಷು, ಕೆಸರು ಎಳೆಯುವ ಪಂಪಿನಿಂದ ಮೇಲಿನಿಂದಲೇ ತೊಳೆಸಿ. ಇಳಿಯಲೇಬೇಕಾದರೆ ಮುಚ್ಚಳಗಳನ್ನೆಲ್ಲ ತೆರೆದು, ಬ್ಲೋವರ್‌ನಿಂದ ಅರ್ಧ ಗಂಟೆಯಾದರೂ ತಳದವರೆಗೆ ಗಾಳಿ ಊದಿಸಿ, ಕೆಲಸ ಮುಗಿಯುವವರೆಗೂ ಊದಿಸುತ್ತಲೇ ಇರಿ. ಗಾಳಿ ಅಳೆಯುವ ಮೀಟರ್ ಇರುವ ಸಂಸ್ಥೆಯವರನ್ನು ಕರೆಸುವುದು ಉತ್ತಮ; ಹೊಸ ಸಂಪು, ಬಹುಕಾಲ ಮುಚ್ಚಿದ ಸಂಪು, ಚರಂಡಿ ನೀರು ಸೇರಿದ ಸಂಪಿಗಂತೂ ಮೀಟರ್ ಇಲ್ಲದೆ ಯಾರೂ ಇಳಿಯಬಾರದು. ಇಳಿಯುವವರ ಸೊಂಟ, ಭುಜಕ್ಕೆ ಹಗ್ಗ ಕಟ್ಟಿ ಮೇಲೆ ಇಬ್ಬರು ಇರಬೇಕು. ಮೋಟರಿನ ಪ್ಲಗ್ ಕಿತ್ತು ಮೇಲಿರುವವರ ಕೈಯಲ್ಲಿರಲಿ. ವೈರು ಎಳೆದು 230 ವೋಲ್ಟಿನ ಬಲ್ಬ್ ಇಳಿಬಿಡಬೇಡಿ, ಬ್ಯಾಟರಿ ಟಾರ್ಚ್ ಸಾಕು. ಪೆಟ್ರೋಲ್, ಡೀಸೆಲ್ ಪಂಪನ್ನು ಸಂಪಿನೊಳಗೆ ಇಟ್ಟು ಓಡಿಸಲೇಬಾರದು. ಕಲೆ ತೆಗೆಯಲು ಆಸಿಡ್, ಜೊತೆಗೆ ಬ್ಲೀಚಿಂಗ್ ಪೌಡರ್ ಎರಡನ್ನೂ ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ, ಆ ಗುಂಡಿಯಲ್ಲಿ ಅದು ಕೂತೇ ಇರುತ್ತದೆ.

ಒಳಗಿದ್ದವರು ಕುಸಿದರೆ ಎತ್ತಲು ಹಿಂದೆಯೇ ಜಿಗಿಯಬೇಡಿ. ಅಣ್ಣನನ್ನು ಉಳಿಸಲು ತಮ್ಮ, ಅವನ ಹಿಂದೆ ಇನ್ನೊಬ್ಬ ಹೀಗೆಯೇ ಹೋಗುವುದು. ಹಗ್ಗದಿಂದ ಎಳೆಯಿರಿ, ಗಾಳಿ ಊದಿಸಿ, 112 ಅಥವಾ ಅಗ್ನಿಶಾಮಕ ದಳದ 101ಕ್ಕೆ ಕರೆ ಮಾಡಿ. ಮೋಟರ್ ಬಳಿ ಶಾಕ್ ಹೊಡೆದು ಬಿದ್ದಿದ್ದರೂ ಮೊದಲು ಮೇನ್ ಆರಿಸಿ, ಆಮೇಲೆ ಮೈ ಮುಟ್ಟಿ.

ಮುಚ್ಚಳಕ್ಕೆ ಬೀಗ ಇರಲಿ. ಎರಡಡಿ ಚೌಕದ ಆ ಬಾಯಿ ಆಡುವ ಮಗುವಿಗೆ ಬಾವಿಯೇ. ನೀರು ಬಿಡುವ ಹೊತ್ತಿಗೆ ತೆರೆದು, ಫೋನ್ ಬಂತೆಂದು ಒಳಗೆ ಹೋಗುವ ಎರಡು ನಿಮಿಷವೇ ಸಾಕು. ತುಕ್ಕು ತಿಂದ ತಗಡಿನ ಮುಚ್ಚಳವನ್ನು ಈ ಮಳೆಗಾಲಕ್ಕೆ ಮೊದಲೇ ಬದಲಿಸಿ.

ಬಾಡಿಗೆಗೆ ಕೊಟ್ಟಿರುವ ಮನೆ ಮಾಲೀಕರಲ್ಲಿ ಒಂದು ಕೋರಿಕೆ. ಮೋಟರಿನ ಪಕ್ಕದ ಡಬ್ಬಿಯಲ್ಲಿ ಒಂದು ಫುಟ್‌ವಾಲ್ವ್, ಎರಡು ಯೂನಿಯನ್ ವಾಷರ್, ಥ್ರೆಡ್ ಟೇಪು, ಪ್ರೈಮಿಂಗ್ ಪ್ಲಗ್ಗಿಗೆ ಹೊಂದುವ ಸ್ಪ್ಯಾನರ್ ಇಡಿಸಿ. ಸಂಪಿನ ಮುಚ್ಚಳದ ಒಳಮೈಗೆ, ತೆರೆದವರ ಕಣ್ಣಿಗೆ ಬೀಳುವಂತೆ ಕೆಂಪು ಬಣ್ಣದಲ್ಲಿ ಬರೆಸಿ: ‘ಪ್ಲಗ್ ಕಿತ್ತಿದ್ದೀರಾ? ಒಳಗೆ ಇಳಿಯಬೇಡಿ.’

ಇತಿ,
ಮೋಟರ್ ರಿಪೇರಿ ಮತ್ತು ಪ್ಲಂಬಿಂಗ್ ಕೆಲಸದವರು, ಬೆಂಗಳೂರು